ಅನುಮತಿಯ ನೆಪ: ಕಚೇರಿಯ ಮಾತುಕತೆ ಮತ್ತು ಎಐ ಸಹಾಯಕ ತಂತ್ರಾಂಶ

ನೌಕರರು ಪರಸ್ಪರ ಸಂದೇಶ ಕಳುಹಿಸಲು ಬಳಸುವ ಸ್ಲ್ಯಾಕ್, ಮೈಕ್ರೋಸಾಫ್ಟ್ ಟೀಮ್ಸ್‌ಗಳಂಥ ವೇದಿಕೆಗಳಿಗೆ ಕೃತಕ ಬುದ್ಧಿಮತ್ತೆಯ, ಅಂದರೆ ಎಐ, ಸಹಾಯಕ ತಂತ್ರಾಂಶಗಳನ್ನು ಜೋಡಿಸುವುದು ಉದ್ಯಮಲೋಕದಲ್ಲಿ ಈಗ ಚರ್ಚೆಗೇ ಬರದಷ್ಟು ಸಹಜ ಕ್ರಮವೆನಿಸಿಕೊಂಡಿದೆ. ಓದದೆ ಉಳಿದ ಸಂದೇಶಗಳ ಸಾರಾಂಶ ಸಿಗುತ್ತದೆ, ಹಳೆಯ ನಿರ್ಧಾರಗಳನ್ನು ಹುಡುಕುವ ಶ್ರಮ ತಪ್ಪುತ್ತದೆ, ಹೊಸದಾಗಿ ಸೇರಿದವರಿಗೆ ಹಿನ್ನೆಲೆ ತಿಳಿಯುತ್ತದೆ ಎಂಬುದು ಇದರ ಪರವಾಗಿ ಕೇಳಿಬರುವ ಮಾತು. ಅಪಾಯದ ಪ್ರಶ್ನೆ ಎತ್ತಿದವರಿಗೆ ಸಿದ್ಧವಾಗಿರುವ ಉತ್ತರವೂ ಒಂದೇ: ಬಳಕೆದಾರರಿಗೆ ಈಗಾಗಲೇ ನೋಡಲು ಅನುಮತಿಯಿರುವುದನ್ನಷ್ಟೇ ತಂತ್ರಾಂಶ ನೋಡುತ್ತದೆ, ಆದ್ದರಿಂದ ಏನೂ ಬದಲಾಗುವುದಿಲ್ಲ. ಈ ಉತ್ತರ ತಪ್ಪು. ಅದು ತಾಂತ್ರಿಕವಾಗಿ ನಿಲ್ಲುವುದಿಲ್ಲ, ಕಾನೂನಿನ ಆಶಯಕ್ಕೆ ಹೊಂದುವುದಿಲ್ಲ, ದುಡಿಯುವವರ ಘನತೆಯನ್ನು ಲೆಕ್ಕಕ್ಕೇ ತೆಗೆದುಕೊಳ್ಳುವುದಿಲ್ಲ. ಆದರೂ ಇಷ್ಟು ಸುಲಭವಾಗಿ ಒಪ್ಪಿತವಾಗಿರುವುದರಿಂದಲೇ ಅದನ್ನು ಒಂದೊಂದು ನೆಲೆಯಲ್ಲಿಯೂ ಖಂಡಿಸಬೇಕಾಗಿದೆ.

ಮೊದಲು ಈ ವೇದಿಕೆಗಳಲ್ಲಿ ಇರುವುದೇನು ಎಂಬುದನ್ನು ನೋಡಬೇಕು. ಸ್ಲ್ಯಾಕ್ 2014ರಲ್ಲಿ ಸಾರ್ವಜನಿಕ ಬಳಕೆಗೆ ಬಂದಿತು, ಟೀಮ್ಸ್ 2017ರಲ್ಲಿ ಬಂದಿತು. 2021ರಲ್ಲಿ ಸೇಲ್ಸ್‌ಫೋರ್ಸ್ ಸಂಸ್ಥೆಯು ಸುಮಾರು 2,770 ಕೋಟಿ ಡಾಲರ್ ಮೌಲ್ಯದ ಒಪ್ಪಂದದಲ್ಲಿ ಸ್ಲ್ಯಾಕನ್ನು ಕೊಂಡಿತು. ಇಲ್ಲಿ ವಿಷಯವಾರು ಗುಂಪುಗಳಿಗೆ ಚಾನೆಲ್ ಎಂದು ಹೆಸರು. ಸಂಸ್ಥೆಯ ಎಲ್ಲರಿಗೂ ತೆರೆದ ಚಾನೆಲ್‌ಗಳು, ಆಹ್ವಾನಿತರಿಗಷ್ಟೇ ಕಾಣುವ ಖಾಸಗಿ ಚಾನೆಲ್‌ಗಳು, ವ್ಯಕ್ತಿಯಿಂದ ವ್ಯಕ್ತಿಗೆ ಹೋಗುವ ನೇರ ಸಂದೇಶಗಳು ಎಂದು ಮಾತುಕತೆ ಹಂಚಿಹೋಗಿರುತ್ತದೆ. 2020ರ ಕೊರೊನಾ ಕಾಲದಲ್ಲಿ ಕೆಲಸ ಮನೆಗಳಿಗೆ ಬಂದಾಗ, ಅದುವರೆಗೆ ಚಹಾ ವಿರಾಮದಲ್ಲಿ, ಕಾರಿಡಾರಿನಲ್ಲಿ, ಊಟದ ಮೇಜಿನಲ್ಲಿ ಆಡಿ ಮುಗಿಸುತ್ತಿದ್ದ ಮಾತೆಲ್ಲ ಅಕ್ಷರರೂಪ ತಾಳಿ ಇಲ್ಲಿ ಸಂಗ್ರಹವಾಗತೊಡಗಿತು. ಗ್ರಾಹಕರ ದೂರು, ಯೋಜನೆಯ ಬಗೆಗಿನ ಅನುಮಾನ, ಸಂಬಳದ ಅಸಮಾಧಾನ, ಆರೋಗ್ಯದ ಕಾರಣಕ್ಕೆ ಕೇಳಿದ ರಜೆ, ಅವಸರದಲ್ಲಿ ಸಹೋದ್ಯೋಗಿಗೆ ಕಳುಹಿಸಿದ ಪಾಸ್‌ವರ್ಡ್, ಇನ್ನೂ ಪಕ್ವವಾಗದ ಯೋಚನೆ, ಎಲ್ಲವೂ ಒಂದೇ ಕಡೆ ಉಳಿದವು. ಇದನ್ನು ಸಂಸ್ಥೆಯ ಜ್ಞಾನಭಂಡಾರವೆಂದು ಕರೆದು ಯಂತ್ರಕ್ಕೆ ಒಪ್ಪಿಸುವವರು ಮರೆಯುವ ಸಂಗತಿಯೆಂದರೆ, ಬರೆದವರು ಅದನ್ನು ನಿರ್ದಿಷ್ಟ ಮನುಷ್ಯರನ್ನು ಉದ್ದೇಶಿಸಿ, ಅವರ ಮೇಲಿನ ನಂಬಿಕೆಯಿಂದ ಬರೆದಿದ್ದರು ಎಂಬುದು.

ಜೋಡಣೆ ಎಂದರೆ ಏನು ಎಂಬುದನ್ನೂ ಸ್ಪಷ್ಟಪಡಿಸಿಕೊಳ್ಳಬೇಕು. ವೇದಿಕೆಯ ನಿರ್ವಾಹಕರು, ಅಂದರೆ ಅಡ್ಮಿನ್‌ಗಳು, ಹೊರಗಿನ ತಂತ್ರಾಂಶವೊಂದಕ್ಕೆ ಒಪ್ಪಿಗೆ ಕೊಟ್ಟಾಗ ಅದಕ್ಕೆ ಟೋಕನ್ ಎಂಬ ಗುಪ್ತ ಅಕ್ಷರಸರಣಿಯೊಂದು ದೊರೆಯುತ್ತದೆ. ಅದನ್ನು ತೋರಿಸಿದವರಿಗೆ ವೇದಿಕೆಯು ಪಾಸ್‌ವರ್ಡ್ ಕೇಳದೆ ಬಾಗಿಲು ತೆರೆಯುತ್ತದೆ. ಚಾನೆಲ್‌ಗಳ ಪಟ್ಟಿ ನೋಡುವುದು, ಹಳೆಯ ಸಂದೇಶಗಳನ್ನು ಓದುವುದು, ಕಡತಗಳನ್ನು ತೆರೆಯುವುದು, ಸಂದೇಶ ಬರೆಯುವುದು ಎಂದು ಪ್ರತಿ ಟೋಕನ್ನಿಗೂ ಅಧಿಕಾರವ್ಯಾಪ್ತಿಗಳಿರುತ್ತವೆ. ಸಹಾಯಕ ತಂತ್ರಾಂಶಗಳು ಹೊರಗಿನ ಮಾಹಿತಿಮೂಲಗಳೊಂದಿಗೆ ಏಕರೂಪವಾಗಿ ಬೆಸೆದುಕೊಳ್ಳಲೆಂದು 2024ರ ನವೆಂಬರ್‌ನಲ್ಲಿ ಆಂಥ್ರೋಪಿಕ್ ಸಂಸ್ಥೆ ಪ್ರಕಟಿಸಿದ ಮಾಡೆಲ್ ಕಾಂಟೆಕ್ಸ್ಟ್ ಪ್ರೋಟೋಕಾಲ್ ಎಂಬ ನಿಯಮಾವಳಿಯು ಈ ಬೆಸುಗೆಯನ್ನು ಇನ್ನಷ್ಟು ಸುಲಭಗೊಳಿಸಿತು. ಕೆಲಸ ಸುಲಭವಾದಷ್ಟೂ ಅದರ ಬಗ್ಗೆ ಯೋಚಿಸುವ ಅವಧಿ ಕಿರಿದಾಯಿತು. ನೂರಾರು ಜನರ ವರ್ಷಗಟ್ಟಲೆಯ ಮಾತುಕತೆಯನ್ನು ಯಂತ್ರವೊಂದಕ್ಕೆ ತೆರೆದಿಡುವ ತೀರ್ಮಾನವು ಒಬ್ಬ ಅಡ್ಮಿನ್ ಒಂದು ಒಪ್ಪಿಗೆಯ ಗುಂಡಿಯನ್ನು ಒತ್ತುವುದರಲ್ಲಿ ಮುಗಿದುಹೋಗುವುದು ಯಾವ ನ್ಯಾಯ?

ಅನುಮತಿಯ ವಾದದ ಮೊದಲ ದೋಷವೆಂದರೆ ಅದು ಓದಬಹುದಾದದ್ದನ್ನೂ ಓದಲಾದದ್ದನ್ನೂ ಒಂದೇ ಎಂದು ಎಣಿಸುತ್ತದೆ. ದೊಡ್ಡ ಸಂಸ್ಥೆಯಲ್ಲಿ ಸಾವಿರಾರು ತೆರೆದ ಚಾನೆಲ್‌ಗಳಿದ್ದರೂ ಯಾವ ನೌಕರರೂ ಅವೆಲ್ಲವನ್ನೂ ಓದಿರುವುದಿಲ್ಲ; ಓದುವುದು ಸಾಧ್ಯವೂ ಇಲ್ಲ. ಆ ಅಸಾಧ್ಯತೆಯೇ ಇದುವರೆಗೆ ಜನರಿಗೆ ಒಂದು ರಕ್ಷಣೆಯಾಗಿತ್ತು. ಮೂರು ವರ್ಷಗಳ ಹಿಂದೆ ಒಂದು ಮೂಲೆಯಲ್ಲಿ ಬರೆದ ಬೇಸರದ ಸಾಲು, ಇನ್ನೊಂದು ಚಾನೆಲ್ಲಿನಲ್ಲಿ ಕೇಳಿದ ವೈದ್ಯಕೀಯ ರಜೆ, ಮತ್ತೊಂದರಲ್ಲಿ ಒಪ್ಪಿಕೊಂಡ ತಪ್ಪು, ಇವು ಬೇರೆಬೇರೆಯಾಗಿ ಇರುವವರೆಗೆ ಯಾರ ಚಿತ್ರವನ್ನೂ ಬಿಡಿಸುವುದಿಲ್ಲ. ಸಹಾಯಕ ತಂತ್ರಾಂಶವು ಪ್ರಶ್ನೆಯೊಂದಕ್ಕೆ ಉತ್ತರವಾಗಿ ಕ್ಷಣಾರ್ಧದಲ್ಲಿ ಇವನ್ನೆಲ್ಲ ಒಟ್ಟುಗೂಡಿಸಿದಾಗ ಒಬ್ಬ ವ್ಯಕ್ತಿಯ ಕಡತವೇ ಸಿದ್ಧವಾಗುತ್ತದೆ, ಮತ್ತು ಆ ಕಡತ ಜೋಡಣೆಗೆ ಮುಂಚೆ ಎಲ್ಲಿಯೂ ಇರಲಿಲ್ಲ. ಗಣಕ ಸುರಕ್ಷತೆಯ ಬಗ್ಗೆ ಗಣಕ ವಿಜ್ಞಾನಿಗಳಾದ ಸಾಲ್ಟ್ಜರ್ ಮತ್ತು ಶ್ರೋಡರ್ 1975ರಲ್ಲಿಯೇ ಒಂದು ಮೂಲಸೂತ್ರವನ್ನು ನಿರೂಪಿಸಿದ್ದರು: ಯಾವುದೇ ಕ್ರಮವಿಧಿಗೆ ಅದರ ಕೆಲಸಕ್ಕೆ ಬೇಕಾದಷ್ಟೇ ಕನಿಷ್ಠ ಅಧಿಕಾರವಿರಬೇಕು. ಒಂದು ಸಭೆಯ ಸಾರಾಂಶ ಬರೆಯಲು ಇಡೀ ಸಂಸ್ಥೆಯ ಸಂದೇಶಚರಿತ್ರೆಯನ್ನು ಓದುವ ಅಧಿಕಾರ ಏಕೆ ಬೇಕು? ಅರ್ಧ ಶತಮಾನದಿಂದ ಇಂಜಿನಿಯರಿಂಗ್ ತರಗತಿಗಳಲ್ಲಿ ಕಲಿಸುತ್ತ ಬಂದ ಸೂತ್ರವನ್ನು ಈ ಒಂದು ತಂತ್ರಾಂಶದ ವಿಷಯದಲ್ಲಿ ಬದಿಗಿಡಲು ಯಾರು ಒಪ್ಪಿದರು?

ಎರಡನೆಯ ದೋಷ ಇನ್ನೂ ಗಂಭೀರವಾದದ್ದು. ಅನುಮತಿಯ ವಾದವು ಸಹಾಯಕ ತಂತ್ರಾಂಶವು ಬಳಕೆದಾರರ ಮಾತನ್ನಷ್ಟೇ ಪಾಲಿಸುತ್ತದೆ ಎಂದು ಭಾವಿಸುತ್ತದೆ. ವಾಸ್ತವದಲ್ಲಿ ಅದು ತಾನು ಓದುವ ಪಠ್ಯದಲ್ಲಿ ಅಡಗಿರುವ ಆದೇಶವನ್ನೂ ಪಾಲಿಸಿಬಿಡಬಹುದು. ಈ ತಂತ್ರಾಂಶಗಳ ಒಡಲಲ್ಲಿರುವ ಭಾಷಾಮಾದರಿಗಳಿಗೆ ಮಾಹಿತಿಯೂ ಆದೇಶವೂ ಒಂದೇ ಪಠ್ಯಪ್ರವಾಹವಾಗಿ ಬರುವುದರಿಂದ, ಇದು ಒಡೆಯರ ಮಾತು, ಇದು ಪರರ ಮಾತು ಎಂದು ಖಚಿತವಾಗಿ ಬೇರ್ಪಡಿಸುವ ವಿಧಾನ ಅವುಗಳಲ್ಲಿಲ್ಲ. ಹೀಗೆ ಪಠ್ಯದೊಳಗೆ ಆದೇಶವನ್ನು ನುಸುಳಿಸುವ ದಾಳಿಗೆ 2022ರ ಸೆಪ್ಟೆಂಬರ್‌ನಲ್ಲಿ ತಂತ್ರಾಂಶ ತಜ್ಞ ಸೈಮನ್ ವಿಲಿಸನ್ ಅವರು ಪ್ರಾಂಪ್ಟ್ ಇಂಜೆಕ್ಷನ್ ಎಂಬ ಹೆಸರು ಕೊಟ್ಟರು. ತಂತ್ರಾಂಶ ಸುರಕ್ಷತೆಗಾಗಿ ದುಡಿಯುವ ಓವಾಸ್ಪ್ ಸಂಸ್ಥೆಯು ಭಾಷಾಮಾದರಿ ಆಧಾರಿತ ತಂತ್ರಾಂಶಗಳ ಅಪಾಯಗಳನ್ನು ಪಟ್ಟಿಮಾಡಿದಾಗ 2023ರಲ್ಲಿಯೂ 2025ರಲ್ಲಿಯೂ ಇದಕ್ಕೇ ಮೊದಲ ಸ್ಥಾನ ಕೊಟ್ಟಿತು. ಅಧಿಕಾರವುಳ್ಳ ಕ್ರಮವಿಧಿಯೊಂದು ಅಧಿಕಾರವಿಲ್ಲದವರ ಮಾತಿಗೆ ಮರುಳಾಗಿ ತನ್ನ ಅಧಿಕಾರವನ್ನು ಅವರಿಗಾಗಿ ಬಳಸಿಬಿಡುವ ಈ ಸಮಸ್ಯೆಯನ್ನು ಗಣಕ ವಿಜ್ಞಾನಿ ನಾರ್ಮನ್ ಹಾರ್ಡಿ 1988ರಲ್ಲಿಯೇ ವಿವರಿಸಿದ್ದರು. ಸಮಸ್ಯೆ ಹಳೆಯದು, ಅದರ ವಿವರಣೆ ಪ್ರಕಟವಾಗಿದೆ. ಹಾಗಿರುವಾಗ ಗೊತ್ತಿರಲಿಲ್ಲ ಎಂಬ ಸಮಜಾಯಿಷಿಗೆ ಇಲ್ಲಿ ಎಡೆಯಿಲ್ಲ.

ಇದು ಬರಿಯ ಊಹೆಯೆಂದು ತಳ್ಳಿಹಾಕುವವರು ನಡೆದ ಸಂಗತಿಗಳನ್ನು ನೋಡಬೇಕು. 2024ರ ಆಗಸ್ಟ್‌ನಲ್ಲಿ ಪ್ರಾಂಪ್ಟ್‌ಆರ್ಮರ್ ಎಂಬ ಸುರಕ್ಷತಾ ಸಂಸ್ಥೆಯು ಸ್ಲ್ಯಾಕ್‌ನದೇ ಎಐ ಸೌಲಭ್ಯದಲ್ಲಿದ್ದ ದೋಷವೊಂದನ್ನು ಬಹಿರಂಗಪಡಿಸಿತು. ತೆರೆದ ಚಾನೆಲ್ ಒಂದರಲ್ಲಿ ದಾಳಿಕೋರರು ಆದೇಶರೂಪದ ಒಂದು ಸಂದೇಶ ಹಾಕಿದರೆ ಸಾಕು. ಇನ್ನೊಬ್ಬ ನೌಕರರು ತಮ್ಮ ಖಾಸಗಿ ಚಾನೆಲ್ಲಿನಲ್ಲಿರುವ, ಪಾಸ್‌ವರ್ಡಿನಂಥ ರಹಸ್ಯ ಕೀಲಿಯ ಬಗ್ಗೆ ಕೇಳಿದಾಗ, ಸಹಾಯಕವು ಆ ಕೀಲಿಯನ್ನು ದಾಳಿಕೋರರ ವಿಳಾಸಕ್ಕೆ ಹೋಗುವ ಒಂದು ಲಿಂಕಿನೊಳಗೆ ಸೇರಿಸಿ ತೋರಿಸುತ್ತಿತ್ತು. ಆ ಖಾಸಗಿ ಚಾನೆಲ್ಲಿಗೆ ದಾಳಿಕೋರರಿಗೆ ಪ್ರವೇಶವೇ ಇರಲಿಲ್ಲ ಎಂಬುದನ್ನು ಗಮನಿಸಬೇಕು. ದೋಷವನ್ನು ಆಮೇಲೆ ಸರಿಪಡಿಸಲಾಯಿತು. 2025ರ ಜೂನ್‌ನಲ್ಲಿ ಏಮ್ ಲ್ಯಾಬ್ಸ್ ಸಂಶೋಧಕರು ಮೈಕ್ರೋಸಾಫ್ಟ್ 365 ಕೋಪೈಲಟ್‌ನಲ್ಲಿ ಎಕೋಲೀಕ್ ಎಂಬ ದೋಷವನ್ನು ಪ್ರಕಟಿಸಿದರು. ಟೀಮ್ಸ್ ಸಂದೇಶಗಳನ್ನೂ ಇಮೇಲನ್ನೂ ಓದಬಲ್ಲ ಆ ಸಹಾಯಕದಿಂದ ಮಾಹಿತಿ ಸೋರಿಹೋಗಲು ಹೊರಗಿನಿಂದ ಬಂದ ಒಂದು ಇಮೇಲ್ ಸಾಕಾಗಿತ್ತು, ಬಳಕೆದಾರರು ಏನನ್ನೂ ಒತ್ತಬೇಕಾಗಿರಲಿಲ್ಲ. ತೀವ್ರತೆಯ ಹತ್ತು ಅಂಕಗಳ ಮಾಪನದಲ್ಲಿ ಅದಕ್ಕೆ 9.3 ದೊರೆಯಿತು. ಯಾವ ಗ್ರಾಹಕರಿಗೂ ಹಾನಿಯಾಗಿಲ್ಲವೆಂದು ಹೇಳಿ ಮೈಕ್ರೋಸಾಫ್ಟ್ ಅದನ್ನು ಸರಿಪಡಿಸಿತು. ಒಂದೊಂದು ರಂಧ್ರವನ್ನು ಮುಚ್ಚಿದ್ದು ನಿಜ. ಆದರೆ ರಂಧ್ರಗಳು ಹುಟ್ಟುವ ರಚನೆ ಹಾಗೆಯೇ ಇದೆ. ಖಾಸಗಿ ಮಾಹಿತಿಗೆ ಪ್ರವೇಶ, ನಂಬಲಾಗದ ಪಠ್ಯದ ಸಂಪರ್ಕ, ಹೊರಗೆ ಮಾಹಿತಿ ಕಳುಹಿಸುವ ಸಾಮರ್ಥ್ಯ, ಈ ಮೂರೂ ಒಂದೆಡೆ ಸೇರುವುದೇ ಮಾರಕವೆಂದು ವಿಲಿಸನ್ 2025ರಲ್ಲಿ ಎಚ್ಚರಿಸಿದರು. ಹೊರಗಿನ ಗುತ್ತಿಗೆದಾರರೂ ಗ್ರಾಹಕರೂ ಬರೆಯಬಲ್ಲ ಕಚೇರಿಯ ವೇದಿಕೆಗೆ ಸಹಾಯಕವನ್ನು ಜೋಡಿಸಿದಾಗ ಈ ಮೂರನ್ನೂ ಕೈಯಾರೆ ಒಟ್ಟುಮಾಡಿದಂತೆಯೇ ಅಲ್ಲವೇ?

ಮೂರನೆಯ ಆರೋಪ ಟೋಕನ್ನುಗಳಿಗೆ ಸಂಬಂಧಿಸಿದ್ದು. ಮನೆಯ ಕೀಲಿಗೊಂಚಲಿನ ನಕಲನ್ನು ಬೀದಿಯ ಅಂಗಡಿಯಲ್ಲಿಟ್ಟವರು ಆ ಅಂಗಡಿಯ ಬೀಗದ ಬಲವನ್ನೇ ನಂಬಿಕೊಂಡಿರಬೇಕಾಗುತ್ತದೆ. 2025ರ ಆಗಸ್ಟ್‌ನಲ್ಲಿ ಸೇಲ್ಸ್‌ಲಾಫ್ಟ್ ಸಂಸ್ಥೆಯ ಡ್ರಿಫ್ಟ್ ಎಂಬ ಎಐ ಸಂಭಾಷಣಾ ತಂತ್ರಾಂಶದ ಟೋಕನ್ನುಗಳು ಕಳವಾದವು. ಅವನ್ನು ಬಳಸಿದ ದಾಳಿಕೋರರು ಡ್ರಿಫ್ಟನ್ನು ಜೋಡಿಸಿಕೊಂಡಿದ್ದ ಸಂಸ್ಥೆಗಳ ಸೇಲ್ಸ್‌ಫೋರ್ಸ್ ಖಾತೆಗಳಿಂದ ಮಾಹಿತಿಯನ್ನು ಸಗಟಾಗಿ ಹೊರತೆಗೆದರು. ಬಾಧಿತರಾದ ನೂರಾರು ಸಂಸ್ಥೆಗಳಲ್ಲಿ ಕ್ಲೌಡ್‌ಫ್ಲೇರ್, ಜೀಸ್ಕೇಲರ್, ಪಾಲೊ ಆಲ್ಟೊ ನೆಟ್‌ವರ್ಕ್ಸ್‌ನಂಥ, ಸುರಕ್ಷತೆಯನ್ನೇ ಕಸುಬಾಗಿಸಿಕೊಂಡ ಸಂಸ್ಥೆಗಳೂ ಇದ್ದವು. ಅಂಥವರೇ ತಾವು ಜೋಡಿಸಿಕೊಂಡ ಸಹಾಯಕದ ದೆಸೆಯಿಂದ ಸಿಕ್ಕಿಬಿದ್ದಿರುವಾಗ, ಸುರಕ್ಷತೆಗೆ ಒಬ್ಬ ಪೂರ್ಣಕಾಲಿಕ ನೌಕರರನ್ನೂ ನೇಮಿಸಿಕೊಳ್ಳದ ಸಣ್ಣ ಕಂಪನಿ ಯಾವ ಧೈರ್ಯದಿಂದ ಹತ್ತು ತಂತ್ರಾಂಶಗಳಿಗೆ ಟೋಕನ್ ಹಂಚುತ್ತದೆ?

ನಾಲ್ಕನೆಯದಾಗಿ, ಈ ವ್ಯವಸ್ಥೆಯಲ್ಲಿ ಒಪ್ಪಿಗೆ ಎಂಬುದಕ್ಕೆ ಅರ್ಥವೇ ಉಳಿದಿಲ್ಲ. ಗ್ರಾಹಕಸಂಸ್ಥೆಗಳ ಸಂದೇಶಗಳನ್ನೂ ಕಡತಗಳನ್ನೂ ತನ್ನ ಯಂತ್ರಕಲಿಕೆಯ ಮಾದರಿಗಳಿಗಾಗಿ ವಿಶ್ಲೇಷಿಸುವುದಾಗಿಯೂ, ಅದು ಬೇಡವೆನ್ನುವ ಸಂಸ್ಥೆಗಳು ಇಮೇಲ್ ಬರೆದು ಹೊರಗುಳಿಯಬೇಕೆಂದೂ ಸ್ಲ್ಯಾಕ್‌ನ ಗೋಪ್ಯತಾ ನಿಯಮಗಳಲ್ಲಿರುವುದು 2024ರ ಮೇ ತಿಂಗಳಲ್ಲಿ ವ್ಯಾಪಕ ವಿರೋಧಕ್ಕೆ ಗುರಿಯಾಯಿತು. ಚಾನೆಲ್ ಮತ್ತು ಎಮೋಜಿ ಸಲಹೆಯಂಥ ಕೆಲಸಗಳಿಗಷ್ಟೇ ಅದನ್ನು ಬಳಸುತ್ತೇವೆ, ದೊಡ್ಡ ಭಾಷಾಮಾದರಿಗಳ ತರಬೇತಿಗೆ ಬಳಸುವುದಿಲ್ಲ ಎಂದು ಸಂಸ್ಥೆ ಸ್ಪಷ್ಟೀಕರಿಸಿತು. ಆದರೆ ಹೊರಗುಳಿಯುವ ಹಕ್ಕು ಇದ್ದದ್ದು ಸಂಸ್ಥೆಯ ಆಡಳಿತಕ್ಕೆ. ಸಂದೇಶ ಬರೆದ ನೌಕರರಿಗಲ್ಲ. 2025ರ ಮೇ ತಿಂಗಳಲ್ಲಿ ಅದೇ ಸ್ಲ್ಯಾಕ್ ತನ್ನ ನಿಯಮಗಳನ್ನು ಬದಲಿಸಿ, ಹೊರಗಿನ ತಂತ್ರಾಂಶಗಳು ಸಂದೇಶಗಳನ್ನು ಸಗಟಾಗಿ ನಕಲು ಮಾಡಿಕೊಳ್ಳುವುದನ್ನು ನಿರ್ಬಂಧಿಸಿತು. ಈ ಮಾತುಕತೆಯ ಬೆಲೆ ವೇದಿಕೆಗೆ ಗೊತ್ತಿದೆ, ಅದನ್ನು ಕಾಪಾಡಿಕೊಳ್ಳುವ ಅಧಿಕಾರವೂ ಅದಕ್ಕಿದೆ. ಆಡಿದವರಿಗೆ ಮಾತ್ರ ಆ ಅಧಿಕಾರ ಏಕಿಲ್ಲ?

ಈ ಪ್ರಶ್ನೆ ಭಾರತದಲ್ಲಿ, ಅದರಲ್ಲಿಯೂ ಐಟಿ ಉದ್ಯಮವನ್ನು ತನ್ನ ಹೆಮ್ಮೆಯೆಂದು ಭಾವಿಸುವ ಕರ್ನಾಟಕದಲ್ಲಿ, ಇನ್ನಷ್ಟು ತೀಕ್ಷ್ಣವಾಗುತ್ತದೆ. ಖಾಸಗಿತನವು ಮೂಲಭೂತ ಹಕ್ಕೆಂದು ಸುಪ್ರೀಂ ಕೋರ್ಟಿನ ಒಂಬತ್ತು ನ್ಯಾಯಮೂರ್ತಿಗಳ ಪೀಠವು 2017ರ ಆಗಸ್ಟ್ 24ರಂದು ಒಮ್ಮತದಿಂದ ಸಾರಿದ್ದು ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿಯವರು ಹೂಡಿದ ಪ್ರಕರಣದಲ್ಲಿ. ಆ ತೀರ್ಪಿನ ಬೆಳಕಿನಲ್ಲಿ 2023ರಲ್ಲಿ ಬಂದ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆಯು ಒಪ್ಪಿಗೆಯನ್ನು ತನ್ನ ತಳಹದಿಯಾಗಿಸಿಕೊಂಡಿದ್ದರೂ, ಅದರ 7ನೇ ಸೆಕ್ಷನ್ ಉದ್ಯೋಗದ ಉದ್ದೇಶಗಳಿಗಾಗಿ ಮತ್ತು ಉದ್ಯೋಗದಾತರನ್ನು ನಷ್ಟದಿಂದ ಕಾಪಾಡುವುದಕ್ಕಾಗಿ ನೌಕರರ ಮಾಹಿತಿಯನ್ನು ಒಪ್ಪಿಗೆಯಿಲ್ಲದೆ ಬಳಸಲು ಅವಕಾಶ ಕೊಟ್ಟಿದೆ. ಈ ಅವಕಾಶದೊಳಗೆ ಎಐ ಜೋಡಣೆಯನ್ನೂ ತುರುಕಿಬಿಡುವುದು ಆಡಳಿತಗಳಿಗೆ ಸುಲಭದ ದಾರಿಯಾಗಿ ಕಾಣುತ್ತದೆ. ನಗರದ ಒಂದು ಮೂಲೆಯಲ್ಲಿ ಕೋಣೆ ಬಾಡಿಗೆಗೆ ಹಿಡಿದು, ಊರಿನ ಸಾಲ ತೀರಿಸಲು ದುಡಿಯುತ್ತಿರುವ ಹೊಸ ನೌಕರರು, ನನ್ನ ಸಂದೇಶಗಳನ್ನು ಯಂತ್ರ ಓದುವುದು ಬೇಡ ಎಂದು ಹೇಳಿ ಕೆಲಸ ಉಳಿಸಿಕೊಳ್ಳಬಲ್ಲರೇ? ಹೇಳಲಾಗದ ಸ್ಥಿತಿಯಲ್ಲಿರುವವರ ಮೌನವನ್ನು ಸಮ್ಮತಿಯೆಂದು ಬರೆದುಕೊಳ್ಳುವುದು ಅನ್ಯಾಯ.

ಇನ್ನೊಂದು ಕಾಯ್ದೆಯನ್ನೂ ನೆನೆಯಬೇಕು. ಕೆಲಸದ ಸ್ಥಳದಲ್ಲಿ ಮಹಿಳೆಯರ ಮೇಲಿನ ಲೈಂಗಿಕ ಕಿರುಕುಳವನ್ನು ತಡೆಯುವ 2013ರ ಕಾಯ್ದೆಯ 16ನೇ ಸೆಕ್ಷನ್, ದೂರಿನ ವಿವರ, ದೂರುದಾರಳ ಹಾಗೂ ಸಾಕ್ಷಿಗಳ ಗುರುತು, ವಿಚಾರಣೆಯ ನಡಾವಳಿ, ಇವು ಸಾರ್ವಜನಿಕರಿಗೂ ಮಾಧ್ಯಮಗಳಿಗೂ ತಿಳಿಯಕೂಡದೆಂದು ವಿಧಿಸುತ್ತದೆ. ವಿಚಾರಣೆ ನಡೆಸುವ ಆಂತರಿಕ ಸಮಿತಿಯ ಸದಸ್ಯರೂ, ಧೈರ್ಯ ಸಾಲದೆ ಮೊದಲು ಗೆಳತಿಯೊಬ್ಬಳಿಗೆ ನೇರ ಸಂದೇಶದಲ್ಲಿ ತನ್ನ ಸಂಕಟ ತೋಡಿಕೊಂಡ ಹೆಣ್ಣುಮಗಳೂ ಬಳಸುವುದು ಇದೇ ವೇದಿಕೆಯನ್ನು. ಆ ಸಂದೇಶವನ್ನು ಸಹಾಯಕವು ಓದಿ, ಯಾವುದೋ ಪ್ರಶ್ನೆಗೆ ಉತ್ತರವಾಗಿ ಅದರ ತುಣುಕನ್ನು ಹೊರಗೆಡಹಿದರೆ ಆಗುವ ಗಾಯವನ್ನು ಯಾವ ತಿದ್ದುಪಡಿ ವಾಸಿಮಾಡುತ್ತದೆ? ಯಂತ್ರ ಓದುತ್ತದೆ ಎಂಬ ಅರಿವೇ ಆಕೆಯನ್ನು ಮೌನಕ್ಕೆ ತಳ್ಳುತ್ತದೆ. ಕಿರುಕುಳ ಕೊಟ್ಟವರಿಗೆ ಇದಕ್ಕಿಂತ ದೊಡ್ಡ ಉಪಕಾರ ಬೇರೆಯಿಲ್ಲ.

ಐದನೆಯ ಆರೋಪವು ಸಾರಾಂಶ ಎಂಬ ಸೌಲಭ್ಯದ ಮೇಲೆಯೇ. ತಂಡವೊಂದರ ಚರ್ಚೆಯಲ್ಲಿ ಅತ್ಯಂತ ಬೆಲೆಯುಳ್ಳದ್ದು ಹಲವೊಮ್ಮೆ ಒಬ್ಬರೇ ಎತ್ತಿದ ಆಕ್ಷೇಪ. ಎಲ್ಲರೂ ಸರಿ ಎಂದಾಗ, ಇದರಲ್ಲಿ ಏನೋ ತಪ್ಪಿದೆ ಎಂದು ಅಳುಕುತ್ತ ಬರೆದ ಒಂದು ಸಾಲು. ಪದೇಪದೇ ಬಂದದ್ದನ್ನು ಮುಖ್ಯವೆಂದು ಎತ್ತಿಕೊಳ್ಳುವತ್ತ ವಾಲುವ ಯಂತ್ರಸಾರಾಂಶದಲ್ಲಿ ಆ ಸಾಲು ಕರಗಿಹೋಗುವ ಸಂಭವ ಹೆಚ್ಚು. ಇನ್ನೊಂದೆಡೆ ಭಾಷಾಮಾದರಿಗಳು ಯಾರೂ ಹೇಳದ್ದನ್ನು ಹೇಳಿದಂತೆ ಬರೆಯುವುದೂ ಉಂಟು, ಮತ್ತು ಅದನ್ನು ಬರೆಯುವ ಧಾಟಿಯಲ್ಲಿ ಯಾವ ಅಳುಕೂ ಕಾಣಿಸುವುದಿಲ್ಲ. ಬೆಂಗಳೂರಿನ ತಂಡಗಳಲ್ಲಿ ಇಂಗ್ಲಿಷ್ ಲಿಪಿಯಲ್ಲಿ ಕನ್ನಡ, ತಮಿಳು, ಹಿಂದಿ ಬೆರೆತು ಹರಿಯುವ ಮಾತಿನಲ್ಲಿ ಗದರಿಕೆ ಯಾವುದು, ಸಲಿಗೆ ಯಾವುದು ಎಂಬುದು ಕೂಡಿ ದುಡಿದವರಿಗಷ್ಟೇ ತಿಳಿಯುವ ಸಂಗತಿ. ಚಾನೆಲ್ಲನ್ನೇ ತೆರೆಯದೆ ಸಾರಾಂಶವನ್ನಷ್ಟೇ ಓದುವ ಮ್ಯಾನೇಜರ್ ಅದರ ಆಧಾರದ ಮೇಲೆ ಬಡ್ತಿಯನ್ನೋ ವಜಾವನ್ನೋ ತೀರ್ಮಾನಿಸಿದರೆ, ತಾವು ಹೇಳದ ಮಾತಿಗೆ ಶಿಕ್ಷೆಯುಂಡ ನೌಕರರು ಯಾರ ಬಾಗಿಲು ತಟ್ಟಬೇಕು?

ಹೊಣೆಗಾರಿಕೆಯ ಈ ಪ್ರಶ್ನೆಯನ್ನು ಸಂಸ್ಥೆಗಳು ಹೇಗೆ ಎದುರಿಸುತ್ತವೆ ಎಂಬುದಕ್ಕೆ ಕೆನಡಾದಲ್ಲಿ ನಿದರ್ಶನವಿದೆ. ಏರ್ ಕೆನಡಾದ ಚಾಟ್‌ಬಾಟ್ ಪ್ರಯಾಣಿಕರೊಬ್ಬರಿಗೆ ಟಿಕೆಟ್ ರಿಯಾಯಿತಿಯ ಬಗ್ಗೆ ತಪ್ಪು ಮಾಹಿತಿ ಕೊಟ್ಟ ಪ್ರಕರಣದಲ್ಲಿ, ಆ ಚಾಟ್‌ಬಾಟ್ ತನ್ನ ಕೃತ್ಯಗಳಿಗೆ ತಾನೇ ಹೊಣೆಯಾದ ಬೇರೊಂದು ಘಟಕ ಎಂಬ ಅರ್ಥದ ವಾದವನ್ನು ಸಂಸ್ಥೆಯು ಮುಂದಿಟ್ಟಿತು. ಬ್ರಿಟಿಷ್ ಕೊಲಂಬಿಯಾದ ನ್ಯಾಯಮಂಡಳಿಯು 2024ರ ಫೆಬ್ರುವರಿಯಲ್ಲಿ ಅದನ್ನು ತಿರಸ್ಕರಿಸಿ ಪರಿಹಾರ ಕೊಡಿಸಿತು. ಅಲ್ಲಿ ಹೊರಗಿನ ಗ್ರಾಹಕರಿಗೆ ನ್ಯಾಯಮಂಡಳಿಯಾದರೂ ಇತ್ತು. ಕಚೇರಿಯೊಳಗಿನ ಸಹಾಯಕವು ತಪ್ಪು ಸಂದೇಶ ಕಳುಹಿಸಿದಾಗ, ತಪ್ಪು ವ್ಯಕ್ತಿಯ ಹೆಸರಿಗೆ ಕೆಲಸ ಹಚ್ಚಿದಾಗ, ಹೊಣೆಯು ಅಡ್ಮಿನ್, ಮಾರಾಟಗಾರ ಸಂಸ್ಥೆ, ಬಳಕೆದಾರರು ಎಂದು ಕೈಯಿಂದ ಕೈಗೆ ದಾಟಿ, ಕೊನೆಗೆ ಎಲ್ಲರಿಗಿಂತ ಕಿರಿಯ ನೌಕರರ ತಲೆಯ ಮೇಲೆ ಬಂದು ಕೂರುತ್ತದೆ.

ಉತ್ಪಾದಕತೆ ಹೆಚ್ಚುತ್ತದೆ ಎಂಬ ಸಮರ್ಥನೆಯೂ ಪರೀಕ್ಷೆಗೆ ನಿಲ್ಲುವುದಿಲ್ಲ. ಓದಲಾಗದಷ್ಟು ಸಂದೇಶಗಳು ಬರುತ್ತಿರುವುದು ಕೆಲಸವನ್ನು ವ್ಯವಸ್ಥೆಗೊಳಿಸಿದ ರೀತಿಯ ದೋಷ: ಬೇಡದ ಚಾನೆಲ್‌ಗಳು, ಎಲ್ಲದಕ್ಕೂ ಎಲ್ಲರನ್ನೂ ಕರೆಯುವ ಅಭ್ಯಾಸ, ರಾತ್ರಿ ಹತ್ತಕ್ಕೂ ಉತ್ತರ ಬಯಸುವ ಮೇಲಧಿಕಾರಿಗಳು. ಈ ದೋಷಗಳನ್ನು ತಿದ್ದದೆ ಮೇಲೊಂದು ಯಂತ್ರವನ್ನು ಕೂರಿಸಿದರೆ ಸಂದೇಶಗಳು ಕಡಿಮೆಯಾಗುವುದಿಲ್ಲ. ಯಂತ್ರ ಬರೆದ ಸಂದೇಶಗಳೂ, ಅವು ಸರಿಯೇ ಎಂದು ನೋಡುವ ಕೆಲಸವೂ ಸೇರಿಕೊಳ್ಳುತ್ತವೆ. ಎಲ್ಲರೂ ಜೋಡಿಸುತ್ತಿದ್ದಾರೆ, ನಾವು ಹಿಂದುಳಿಯಲಾಗದು ಎಂಬುದೂ ಕಾರಣವಾಗಲಾರದು. ತನ್ನ ನೌಕರರು ಚಾಟ್‌ಜಿಪಿಟಿಗೆ ಗೋಪ್ಯ ಕೋಡ್ ಹಾಕಿದ್ದು ತಿಳಿದ ಮೇಲೆ ಸ್ಯಾಮ್‌ಸಂಗ್ 2023ರ ಮೇ ತಿಂಗಳಲ್ಲಿ ಅಂಥ ತಂತ್ರಾಂಶಗಳ ಬಳಕೆಯನ್ನು ನಿರ್ಬಂಧಿಸಿತು; ಭಾರತದ ಹಣಕಾಸು ಸಚಿವಾಲಯವು 2025ರ ಜನವರಿಯಲ್ಲಿ ಕಚೇರಿಯ ಸಾಧನಗಳಲ್ಲಿ ಚಾಟ್‌ಜಿಪಿಟಿ, ಡೀಪ್‌ಸೀಕ್‌ಗಳನ್ನು ಬಳಸದಂತೆ ತನ್ನ ಸಿಬ್ಬಂದಿಗೆ ಸೂಚಿಸಿತು. ತಮ್ಮ ಗುಟ್ಟಿಗೆ ಅಪಾಯವಿದೆ ಎನಿಸಿದಾಗ ಬೇಡ ಎನ್ನಬಲ್ಲ ಸಂಸ್ಥೆಗಳು ನೌಕರರ ಗುಟ್ಟಿನ ವಿಷಯ ಬಂದಾಗ ಮಾತ್ರ ಕಾಲಪ್ರವಾಹದ ಹೆಸರು ಹೇಳುವುದು ಒಪ್ಪತಕ್ಕ ಮಾತಲ್ಲ.

ಬೇರೆ ದಾರಿಗಳಿಲ್ಲವೆಂದೂ ಹೇಳಲಾಗದು. ಜರ್ಮನಿಯಲ್ಲಿ ನೌಕರರ ವರ್ತನೆಯನ್ನೋ ಕಾರ್ಯಕ್ಷಮತೆಯನ್ನೋ ಗಮನಿಸಬಲ್ಲ ತಾಂತ್ರಿಕ ಸಾಧನಗಳನ್ನು ತರುವ ಮುನ್ನ ನೌಕರರ ಚುನಾಯಿತ ಮಂಡಳಿಯ ಸಹನಿರ್ಧಾರ ಬೇಕೆಂದು 1972ರ ಕಾಯ್ದೆ ವಿಧಿಸುತ್ತದೆ. ಕೆಲಸದ ಸ್ಥಳದಲ್ಲಿ ಮನುಷ್ಯರ ಭಾವನೆಗಳನ್ನು ಅವರ ದೈಹಿಕ ಲಕ್ಷಣಗಳಿಂದ ಊಹಿಸುವ ಎಐ ವ್ಯವಸ್ಥೆಗಳನ್ನು ಐರೋಪ್ಯ ಒಕ್ಕೂಟವು, ವೈದ್ಯಕೀಯ ಮತ್ತು ಸುರಕ್ಷತಾ ಕಾರಣಗಳನ್ನು ಹೊರತುಪಡಿಸಿ, 2025ರ ಫೆಬ್ರುವರಿಯಿಂದ ನಿಷೇಧಿಸಿದೆ. ಲಕ್ಷಾಂತರ ಜನ ಪರದೆಯ ಮುಂದೆ ದುಡಿಯುವ ಬೆಂಗಳೂರಿಗೆ ಇಷ್ಟು ರಕ್ಷಣೆಯೂ ಬೇಡವೇ?

ಆದ್ದರಿಂದ ಈಗ ಆಗಬೇಕಾದದ್ದು ಸ್ಪಷ್ಟ. ಇಡೀ ಸಂಸ್ಥೆಯ ಸಂದೇಶಗಳಿಗೆ ಒಂದೇ ಒಪ್ಪಿಗೆಯಲ್ಲಿ ಪ್ರವೇಶ ಕೊಡುವ ಪದ್ಧತಿ ನಿಲ್ಲಬೇಕು. ಸಹಾಯಕ ತಂತ್ರಾಂಶವು ಹೆಸರಿಸಿದ ಚಾನೆಲ್‌ಗಳಲ್ಲಿ ಮಾತ್ರ, ಅಲ್ಲಿನ ಸದಸ್ಯರೆಲ್ಲರಿಗೂ ಕಾಣುವಂತೆ, ಅವರ ಒಪ್ಪಿಗೆಯ ನಂತರವೇ ಇರಬೇಕು. ಜೋಡಣೆಗೆ ಮುಂಚೆ ಬರೆದ ಸಂದೇಶಗಳು ಅದಕ್ಕೆ ಸಿಗಕೂಡದು. ನೇರ ಸಂದೇಶಗಳು, ಆಂತರಿಕ ಸಮಿತಿ, ಮಾನವ ಸಂಪನ್ಮೂಲ ವಿಭಾಗ ಮತ್ತು ನೌಕರ ಸಂಘಟನೆಗಳ ಚಾನೆಲ್‌ಗಳು ಯಾವ ಕಾರಣಕ್ಕೂ ಅದರ ವ್ಯಾಪ್ತಿಗೆ ಬರಕೂಡದು. ಹೊರಗಿನವರು ಬರೆಯಬಲ್ಲ ಚಾನೆಲ್ಲನ್ನು ಓದುವ ಸಹಾಯಕಕ್ಕೆ ಖಾಸಗಿ ಮಾಹಿತಿಯ ಪ್ರವೇಶವನ್ನಾಗಲಿ ಹೊರಗೆ ಲಿಂಕ್ ಕಳುಹಿಸುವ ಶಕ್ತಿಯನ್ನಾಗಲಿ ಕೊಡಬಾರದು. ಟೋಕನ್ನುಗಳ ಆಯಸ್ಸು ಚಿಕ್ಕದಿರಬೇಕು, ಸಹಾಯಕ ಮಾಡುವ ಪ್ರತಿಯೊಂದು ಕೆಲಸಕ್ಕೂ ಹೊಣೆ ಹೊರುವ ಒಬ್ಬ ಮನುಷ್ಯರ ಹೆಸರಿರಬೇಕು, ಯಂತ್ರಸಾರಾಂಶವನ್ನು ಬಡ್ತಿಗೂ ಶಿಸ್ತುಕ್ರಮಕ್ಕೂ ಸಾಕ್ಷಿಯಾಗಿ ಬಳಸುವುದನ್ನು ನಿಷೇಧಿಸಬೇಕು. ಉದ್ಯೋಗದ ಉದ್ದೇಶ ಎಂಬ ವಿನಾಯಿತಿಯು ನೌಕರರ ಮಾತುಕತೆಯನ್ನು ಯಂತ್ರಕ್ಕೆ ಒಪ್ಪಿಸುವುದನ್ನು ಒಳಗೊಳ್ಳುವುದಿಲ್ಲವೆಂದು ಕೇಂದ್ರ ಸರ್ಕಾರ ಸ್ಪಷ್ಟಪಡಿಸಬೇಕು. ಕರ್ನಾಟಕದ ಕಾರ್ಮಿಕ ಇಲಾಖೆಯು ಐಟಿ ಸಂಸ್ಥೆಗಳಿಂದ ಈ ಜೋಡಣೆಗಳ ವಿವರವನ್ನು ಕೇಳಿ ಪಡೆಯಬೇಕು.

ನೋಡುವ ಅನುಮತಿಯನ್ನು ವೇದಿಕೆ ಕೊಡಬಹುದು, ಆಡಳಿತ ಕೊಡಬಹುದು. ಆಡಿದ ಮಾತನ್ನು ಯಂತ್ರಕ್ಕೆ ಒಪ್ಪಿಸುವ ಸಮ್ಮತಿಯನ್ನು ಆಡಿದವರು ಮಾತ್ರ ಕೊಡಬಲ್ಲರು. ಆ ಸಮ್ಮತಿ ಸಿಗುವವರೆಗೆ, ಈಗಾಗಲೇ ಜೋಡಿಸಿರುವ ಸಹಾಯಕ ತಂತ್ರಾಂಶಗಳನ್ನು ಕಳಚಿಡುವುದು ಪ್ರತಿಯೊಂದು ಸಂಸ್ಥೆಯ ಕರ್ತವ್ಯ. ಕಳಚಿರೆಂದು ಬರವಣಿಗೆಯಲ್ಲಿ, ಒಬ್ಬೊಬ್ಬರಾಗಿ ಹೆದರದೆ ಒಟ್ಟಾಗಿ ಕೇಳುವುದು ಅಲ್ಲಿ ದುಡಿಯುವ ಪ್ರತಿಯೊಬ್ಬರ ಹಕ್ಕು, ಮತ್ತು ಆ ಹಕ್ಕನ್ನು ಅವರು ಇಂದೇ ಚಲಾಯಿಸಬೇಕು.